ಕಡಲಿಲ್ಲದ ಬಿಡದಿಗೆ ಹಡಗಿನ ಅನಿಲ

ಬಿಡದಿಯಿಂದ ಸಮುದ್ರ ಕಾಣುವುದಿಲ್ಲ. ಪಶ್ಚಿಮಕ್ಕೆ ಹೊರಟು ಘಟ್ಟ ಇಳಿದು ಮಂಗಳೂರು ಮುಟ್ಟಲು ಮುನ್ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಪೂರ್ವಕ್ಕೆ ಚೆನ್ನೈ ಇನ್ನೂ ದೂರ. ತಟ್ಟೆ ಇಡ್ಲಿಗೂ, ಮೈಸೂರು ರಸ್ತೆಯ ಕಾರ್ಖಾನೆಗಳಿಗೂ ಹೆಸರಾದ ಈ ಊರಿಗೆ ಹಡಗಿನ ಜತೆ ನಂಟು ಇರಲು ಕಾರಣವೇ ಇಲ್ಲ. ಆದರೂ ವರ್ಷಾನುಗಟ್ಟಲೆ ಬಿಡದಿಯ ಹೆಸರು ಹಡಗಿನಲ್ಲಿ ಬರುವ ಒಂದು ಸರಕಿಗೆ ಗಂಟು ಹಾಕಿಕೊಂಡಿತ್ತು. ಕರ್ನಾಟಕ ವಿದ್ಯುತ್ ನಿಗಮ ಅಲ್ಲಿ 1400 ಮೆಗಾವಾಟ್ ಸಾಮರ್ಥ್ಯದ ಅನಿಲ ವಿದ್ಯುತ್ ಸ್ಥಾವರ ಕಟ್ಟುವುದೆಂದು ಯೋಜನೆ ಇತ್ತು. ಅನಿಲ ಬರಬೇಕಾದದ್ದು ಮಹಾರಾಷ್ಟ್ರದ ಕೊಂಕಣ ತೀರದ ದಾಭೋಲ್‌ನಿಂದ, ಸುಮಾರು ಸಾವಿರ ಕಿಲೋಮೀಟರ್ ಉದ್ದದ ಕೊಳವೆಯಲ್ಲಿ.

ಕೊಳವೆ ಬಂತು. ಸಾರ್ವಜನಿಕ ವಲಯದ ಗೇಲ್ ಸಂಸ್ಥೆ ದಾಭೋಲ್–ಬೆಂಗಳೂರು ಕೊಳವೆ ಮಾರ್ಗವನ್ನು 2013ರಲ್ಲಿ ಚಾಲನೆಗೊಳಿಸಿತು. ಬೆಳಗಾವಿ, ಧಾರವಾಡ, ಗದಗ, ದಾವಣಗೆರೆ, ಚಿತ್ರದುರ್ಗ, ತುಮಕೂರು ಸೀಮೆಗಳ ಹೊಲಗಳಡಿ ಹಾದು ಅದು ರಾಮನಗರದ ನೆಲವನ್ನೂ ಹೊಕ್ಕಿತು. ಸ್ಥಾವರ ಮಾತ್ರ ಏಳಲಿಲ್ಲ. ನಿಗಮದ ಮೊದಲ ಅನಿಲ ಸ್ಥಾವರ ಎದ್ದು ನಿಂತದ್ದು ಬೆಂಗಳೂರಿನ ಇನ್ನೊಂದು ಮಗ್ಗುಲಲ್ಲಿ, ಯಲಹಂಕದಲ್ಲಿ. 370 ಮೆಗಾವಾಟಿನ ಆ ಸ್ಥಾವರ ಉದ್ಘಾಟನೆಗೊಂಡದ್ದು 2024ರಲ್ಲಿ. ಬಿಡದಿಯಲ್ಲಿ ನಿಗಮವು ಬೆಂಗಳೂರು ಮಹಾನಗರ ಪಾಲಿಕೆಯ ಜತೆಗೂಡಿ ಕೈಗೆತ್ತಿಕೊಂಡದ್ದು ಕಸದಿಂದ ವಿದ್ಯುತ್ ತೆಗೆಯುವ ಘಟಕ. ಅದರ ಸಾಮರ್ಥ್ಯ 11.5 ಮೆಗಾವಾಟ್.

1400 ಎಲ್ಲಿ, ಹನ್ನೊಂದೂವರೆ ಎಲ್ಲಿ! ಈ ಅಂತರಕ್ಕೆ ಬೆಲೆ ಒಂದು ಕಾರಣ, ಪೂರೈಕೆ ಇನ್ನೊಂದು. ಇವುಗಳ ಹಿಂದೆ ಅಷ್ಟಾಗಿ ಚರ್ಚೆಗೆ ಬಾರದ ಮತ್ತೊಂದು ಸಂಗತಿ ಇದೆ. ವಿದೇಶದಿಂದ ಅನಿಲ ಇಳಿಸಿಕೊಳ್ಳುವ ಟರ್ಮಿನಲ್ ಒಂದನ್ನು ಯಾರಾದರೂ ಕಟ್ಟುತ್ತೇನೆಂದು ಮುಂದೆ ಬಂದಾಗ, ಸರ್ಕಾರದ ಕಡೆಯಿಂದ ಅದನ್ನು ನೋಡುವವರು ಯಾರು? ಅವರು ಯಾವ ಪ್ರಶ್ನೆ ಕೇಳುತ್ತಾರೆ, ಯಾವುದನ್ನು ಕೇಳುವುದಿಲ್ಲ? ಉತ್ತರ ದೆಹಲಿಯ ಕಡತಗಳಲ್ಲಿದ್ದರೂ ಅದರ ಫಲ ಉಣ್ಣುವವರು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯಂಥ ಒಳನಾಡಿನ ಜನ.

ಆರುನೂರರಲ್ಲಿ ಒಂದು ಪಾಲು

ಮೊದಲು ಸರಕನ್ನು ತಿಳಿಯಬೇಕು. ನೈಸರ್ಗಿಕ ಅನಿಲವೆಂದರೆ ಬಹುಪಾಲು ಮೀಥೇನ್. ಅಡುಗೆಮನೆಯ ಸಿಲಿಂಡರಿನಲ್ಲಿರುವುದು ಇದಲ್ಲ. ಅದು ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ, ಸಾಧಾರಣ ಒತ್ತಡಕ್ಕೇ ದ್ರವವಾಗುತ್ತದೆ. ಮೀಥೇನ್ ಅಷ್ಟು ಸುಲಭಕ್ಕೆ ಮಣಿಯುವುದಿಲ್ಲ. ಸೊನ್ನೆಗಿಂತ ಕೆಳಗೆ 162 ಡಿಗ್ರಿ ಸೆಲ್ಸಿಯಸ್‌ವರೆಗೆ ತಣಿಸಿದರೆ ಮಾತ್ರ ದ್ರವವಾಗುತ್ತದೆ. ಹಾಗಾದಾಗ ಅದರ ಗಾತ್ರ ಆರುನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಎಲ್‌ಎನ್‌ಜಿ ಎಂದು ಚುಟುಕಾಗಿ ಕರೆಯುವ ದ್ರವೀಕೃತ ನೈಸರ್ಗಿಕ ಅನಿಲ ಇದೇ. ಕತಾರ್, ಆಸ್ಟ್ರೇಲಿಯಾ, ಅಮೆರಿಕಗಳಲ್ಲಿ ತಣಿಸಿ, ಥರ್ಮಾಸ್ ಫ್ಲಾಸ್ಕಿನಂಥ ಹೊಟ್ಟೆಯುಳ್ಳ ಹಡಗುಗಳಿಗೆ ತುಂಬುತ್ತಾರೆ. ಆಮದು ಮಾಡಿಕೊಳ್ಳುವ ದೇಶದ ಟರ್ಮಿನಲ್ ಅದನ್ನು ಇಳಿಸಿಕೊಂಡು, ಭಾರಿ ತೊಟ್ಟಿಗಳಲ್ಲಿ ತುಂಬಿಟ್ಟು, ಬೇಕಾದಷ್ಟನ್ನು ಬೆಚ್ಚಗೆ ಮಾಡಿ ಮತ್ತೆ ಅನಿಲವಾಗಿಸಿ ಕೊಳವೆಗೆ ಬಿಡುತ್ತದೆ.

ದೊಡ್ಡ ಹಡಗೊಂದು ಸುಮಾರು 1.6 ಲಕ್ಷ ಘನ ಮೀಟರ್ ದ್ರವ ತರುತ್ತದೆ. ಅನಿಲವಾದಾಗ ಅದು ಹತ್ತಿರ ಹತ್ತಿರ ಹತ್ತು ಕೋಟಿ ಘನ ಮೀಟರ್. ಕೇಳಲು ಮುಗಿಯದ ಭಂಡಾರದಂತೆ ಕಾಣುತ್ತದೆ. ಆದರೆ ಬಿಡದಿಯ 1400 ಮೆಗಾವಾಟ್ ಸ್ಥಾವರ ಪೂರ್ತಿ ನಡೆದಿದ್ದರೆ ದಿನಕ್ಕೆ ಸುಮಾರು 60 ಲಕ್ಷ ಘನ ಮೀಟರ್ ಅನಿಲ ಬೇಕಾಗುತ್ತಿತ್ತು. ಎಂದರೆ ಒಂದು ಹಡಗು ಹದಿನೈದು, ಹದಿನಾರು ದಿನಕ್ಕೆ ಸರಿ. ತಿಂಗಳಿಗೆ ಎರಡು ಹಡಗು ತಪ್ಪದೆ ದಡ ಸೇರಬೇಕು. ಒಂದು ತಪ್ಪಿದರೂ ಬಿಡದಿಯಲ್ಲಿ ಯಂತ್ರ ನಿಲ್ಲುತ್ತದೆ. ದಾಭೋಲ್ ಟರ್ಮಿನಲ್ಲಿನ ಹೇಳಿಕೆಯ ಸಾಮರ್ಥ್ಯ ವರ್ಷಕ್ಕೆ 50 ಲಕ್ಷ ಟನ್. ಅದರ ಮೂರನೇ ಒಂದು ಭಾಗವನ್ನು ಬಿಡದಿಯೊಂದೇ ಕುಡಿಯುತ್ತಿತ್ತು.

‘ಹೇಳಿಕೆಯ ಸಾಮರ್ಥ್ಯ’ ಎನ್ನಲು ಕಾರಣವಿದೆ. ದಾಭೋಲ್‌ನಲ್ಲಿ ಅಲೆತಡೆ ಗೋಡೆ ಪೂರ್ತಿಯಾಗಿರಲಿಲ್ಲ. ಹಾಗಾಗಿ ವರ್ಷಗಳ ಕಾಲ ಮುಂಗಾರಿನ ತಿಂಗಳುಗಳಲ್ಲಿ ಅಲ್ಲಿಗೆ ಹಡಗು ಬರುತ್ತಿರಲಿಲ್ಲ. ಕಡಲು ಮೊರೆಯುವ ಕಾಲಕ್ಕೆ ಟರ್ಮಿನಲ್ ಬಾಗಿಲು ಹಾಕಿಕೊಳ್ಳುತ್ತಿತ್ತು. ಗುಜರಾತಿನ ದಹೇಜ್ ಕಡೆಯಿಂದ ಬರುವ ಕೊಳವೆಯ ಜೋಡಣೆ ಇದ್ದುದರಿಂದ ಕರ್ನಾಟಕದ ಕೊಳವೆ ಒಣಗಲಿಲ್ಲ, ಅಷ್ಟೇ.

ದಾಭೋಲ್ ಕಲಿಸಿದ್ದು

ಅಲೆತಡೆ ಇಲ್ಲದ ಬಂದರಿಗೆ ಅನುಮತಿ ಹೇಗೆ ಸಿಕ್ಕಿತು ಎಂದು ಕೇಳಿದರೆ 1992ಕ್ಕೆ ಹೋಗಬೇಕು. ವಿದ್ಯುತ್ ವಲಯಕ್ಕೆ ವಿದೇಶಿ ಬಂಡವಾಳ ಕರೆಯುವ ಉತ್ಸಾಹದ ಕಾಲ ಅದು. ಅಮೆರಿಕದ ಎನ್ರಾನ್ ಕಂಪನಿಯ ತಂಡ ಮಹಾರಾಷ್ಟ್ರಕ್ಕೆ ಬಂದ ಕೆಲವೇ ದಿನಗಳಲ್ಲಿ, ಅದೇ ಜೂನ್ ತಿಂಗಳಲ್ಲಿ, ರಾಜ್ಯ ವಿದ್ಯುತ್ ಮಂಡಳಿಯ ಜತೆ ಒಪ್ಪಂದ ಪತ್ರಕ್ಕೆ ಸಹಿ ಬಿತ್ತು. ಮೊದಲ ಹಂತಕ್ಕೆ ನಾಫ್ತಾ, ಎರಡನೇ ಹಂತಕ್ಕೆ ಹಡಗಿನ ಅನಿಲ, ಅದಕ್ಕೆಂದೇ ಟರ್ಮಿನಲ್. ಎರಡೂ ಹಂತ ಸೇರಿದರೆ ಎರಡು ಸಾವಿರ ಮೆಗಾವಾಟಿಗೂ ಮೀರಿದ ಯೋಜನೆ.

ಎಚ್ಚರಿಕೆ ಹೇಳಿದವರು ಇರಲಿಲ್ಲವೆಂದಲ್ಲ. ವಿಶ್ವ ಬ್ಯಾಂಕ್ 1993ರಲ್ಲಿ ಸಾಲ ಕೊಡಲು ಒಪ್ಪಲಿಲ್ಲ. ಯೋಜನೆ ರಾಜ್ಯದ ಬೇಡಿಕೆಗಿಂತ ದೊಡ್ಡದು, ಕಲ್ಲಿದ್ದಲಿಗೆ ಹೋಲಿಸಿದರೆ ಆಮದು ಅನಿಲ ದುಬಾರಿ ಎಂಬುದು ಅದರ ಅಭಿಪ್ರಾಯವಾಗಿತ್ತು. ಆದರೂ 1993ರ ಡಿಸೆಂಬರಿನಲ್ಲಿ ಖರೀದಿ ಒಪ್ಪಂದ ಆಯಿತು. ಮರುವರ್ಷ ಕೇಂದ್ರ ಸರ್ಕಾರದ ಪ್ರತಿ ಖಾತರಿಯೂ ದೊರೆಯಿತು. 1995ರಲ್ಲಿ ಮಹಾರಾಷ್ಟ್ರದ ಹೊಸ ಸರ್ಕಾರ ಯೋಜನೆ ರದ್ದು ಮಾಡಿ, ಮಾತುಕತೆ ನಡೆಸಿ, 1996ರಲ್ಲಿ ಮತ್ತೆ ಒಪ್ಪಿತು. 1999ರಲ್ಲಿ ಮೊದಲ ಹಂತ ಶುರುವಾಯಿತು. 2001ರಲ್ಲಿ ವಿದ್ಯುತ್ ಮಂಡಳಿ ಬಿಲ್ ಕಟ್ಟಲಾರದೆ ಕೈಚೆಲ್ಲಿದಾಗ ಸ್ಥಾವರ ನಿಂತಿತು. ಅದೇ ಡಿಸೆಂಬರಿನಲ್ಲಿ ಎನ್ರಾನ್ ದಿವಾಳಿ ಎದ್ದಿತು. ಅರೆಬರೆ ಕಟ್ಟಿದ್ದ ಟರ್ಮಿನಲ್ ತುಕ್ಕು ಹಿಡಿಯುತ್ತಾ ಉಳಿಯಿತು.

ಆ ವರ್ಷ ಯೋಜನೆಯನ್ನು ಪರಿಶೀಲಿಸಿದ ಮಾಧವ ಗೋಡ್‌ಬೋಲೆ ಸಮಿತಿ, ಆಡಳಿತ ಯಂತ್ರವೇ ವಿಫಲವಾದ ಪ್ರಕರಣ ಇದೆಂದು ಹೇಳಿತು. ಕೇಂದ್ರ, ರಾಜ್ಯ, ಬೇರೆ ಬೇರೆ ಪಕ್ಷಗಳ ಸರ್ಕಾರಗಳು, ತಜ್ಞ ಸಂಸ್ಥೆಗಳು, ಎಲ್ಲರ ಕೈ ದಾಟಿಯೇ ಕಡತ ಮುಂದೆ ಹೋಗಿತ್ತು. ಅನುಮತಿ ಪತ್ರಗಳಿಗೆ ಕೊರತೆ ಇರಲಿಲ್ಲ. ಇಷ್ಟು ಅನಿಲ ಯಾರಿಗೆ, ಯಾವ ಬೆಲೆಗೆ ಎಂಬ ಪ್ರಶ್ನೆಗೆ ಉತ್ತರ ಸಿಗುವವರೆಗೆ ಕಡತವನ್ನು ತಡೆದು ನಿಲ್ಲಿಸಿದ ಮೇಜು ಮಾತ್ರ ಇರಲಿಲ್ಲ.

2005ರಲ್ಲಿ ಎನ್‌ಟಿಪಿಸಿ ಮತ್ತು ಗೇಲ್ ಪಾಲುದಾರಿಕೆಯ ರತ್ನಗಿರಿ ಗ್ಯಾಸ್ ಅಂಡ್ ಪವರ್ ಕಂಪನಿ ಹುಟ್ಟಿತು. ಟರ್ಮಿನಲ್ ಕಾರ್ಯಾರಂಭ ಮಾಡಿದ್ದು 2013ರಲ್ಲಿ. ಮೊದಲ ಸಹಿಯಿಂದ ಎಣಿಸಿದರೆ 21 ವರ್ಷ. ಬಿಡದಿ ನೆಚ್ಚಿಕೊಂಡಿದ್ದ ಬಾವಿ ಇದು.

ಒಂದು ಟರ್ಮಿನಲ್, ಹಲವು ಮೇಜು

ಭಾರತದಲ್ಲಿ ಮೊದಲು ಕೆಲಸ ಆರಂಭಿಸಿದ ಟರ್ಮಿನಲ್ ದಾಭೋಲ್ ಅಲ್ಲ, ದಹೇಜ್. ಅಲ್ಲಿಗೆ 2004ರಲ್ಲಿ ಕತಾರಿನಿಂದ ಹಡಗು ಬಂತು. ಆಮೇಲೆ ಹಜೀರಾ, ದಾಭೋಲ್, ಕೊಚ್ಚಿ, ಎಣ್ಣೂರು, ಮುಂದ್ರಾ, ಧಾಮ್ರಾ, ಛಾರಾ. ಕರ್ನಾಟಕಕ್ಕೆ ಮುನ್ನೂರು ಕಿಲೋಮೀಟರಿಗೆ ಕಡಿಮೆ ಇಲ್ಲದ ಕರಾವಳಿ ಇದ್ದರೂ ಈ ಪಟ್ಟಿಯಲ್ಲಿ ಅದಿಲ್ಲ. 2013ರಲ್ಲಿ ಒಎನ್‌ಜಿಸಿ, ಭಾರತ್ ಪೆಟ್ರೋಲಿಯಂ ಮತ್ತು ಜಪಾನಿನ ಮಿತ್ಸುಯಿ ಕಂಪನಿಗಳು ನವ ಮಂಗಳೂರು ಬಂದರಿನಲ್ಲಿ ಟರ್ಮಿನಲ್ ಸಾಧ್ಯವೇ ಎಂದು ನೋಡಲು ಬಂದರು ಮಂಡಳಿಯ ಜತೆ ಒಪ್ಪಂದ ಮಾಡಿಕೊಂಡವು. ಸುದ್ದಿ ದೊಡ್ಡದಾಗಿಯೇ ಆಯಿತು, ಟರ್ಮಿನಲ್ ಆಗಲಿಲ್ಲ.

ಇಂಥ ಪ್ರಸ್ತಾವ ಹಾಯಬೇಕಾದ ಮೇಜುಗಳು ಹಲವು. ಜಾಗ ಪ್ರಮುಖ ಬಂದರಿನದಾದರೆ ಕೇಂದ್ರದ ಬಂದರು ಪ್ರಾಧಿಕಾರ, ಸಣ್ಣ ಬಂದರಿನದಾದರೆ ರಾಜ್ಯದ ಕಡಲ ಮಂಡಳಿ ಒಪ್ಪಬೇಕು. ಕರಾವಳಿ ನಿಯಂತ್ರಣ ವಲಯದ ನಿಯಮಗಳು ಅನ್ವಯಿಸುತ್ತವೆ. 2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ಎಲ್‌ಎನ್‌ಜಿ ಟರ್ಮಿನಲ್ ‘ಎ’ ವರ್ಗದ್ದು, ಎಂದರೆ ನಿರ್ಧಾರ ರಾಜ್ಯದ್ದಲ್ಲ, ಕೇಂದ್ರ ಪರಿಸರ ಸಚಿವಾಲಯದ್ದು. ತೊಟ್ಟಿ, ಕವಾಟ, ಅಂತರಗಳ ಸುರಕ್ಷತೆಯನ್ನು ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ ನೋಡುತ್ತದೆ. ಪೆಟ್ರೋಲಿಯಂ ಸಚಿವಾಲಯದ ಅಡಿಯ ತೈಲೋದ್ಯಮ ಸುರಕ್ಷತಾ ನಿರ್ದೇಶನಾಲಯ ಎಲ್‌ಎನ್‌ಜಿ ದಾಸ್ತಾನಿಗೆಂದೇ ಬೇರೆ ಮಾನದಂಡ ಬರೆದಿದೆ.

ಈ ಸುರಕ್ಷತೆಯ ಮೇಜು ಅತಿ ಜಾಗರೂಕವೆಂದು ಯಾರಾದರೂ ಗೊಣಗಿದರೆ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ನೆನಪು ಸಾಕು. 1944ರ ಅಕ್ಟೋಬರ್ 20ರಂದು ಅಲ್ಲಿ ತೊಟ್ಟಿಯೊಂದು ಬಿರಿದು ದ್ರವ ಅನಿಲ ಚರಂಡಿಗಳಿಗೆ ಹರಿಯಿತು. ಬೆಂಕಿಗೆ ಸುಮಾರು 130 ಜನ ಬಲಿಯಾದರು. ಆಮೇಲೆ ಆ ದೇಶದಲ್ಲಿ ಎಲ್‌ಎನ್‌ಜಿ ಎಂದರೆ ವರ್ಷಗಳ ಕಾಲ ಜನ ಬೆಚ್ಚುತ್ತಿದ್ದರು.

ಅನಿಲದ ವ್ಯವಹಾರಕ್ಕೆಂದೇ ನಿಯಂತ್ರಕ ಬಂದದ್ದು ತಡವಾಗಿ. 2006ರ ಕಾಯ್ದೆಯಿಂದ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ ರೂಪುಗೊಂಡಿತು. ಈ ಕಾಯ್ದೆಯನ್ನು ಓದುವಾಗ ಎರಡು ಪದಗಳ ನಡುವಿನ ವ್ಯತ್ಯಾಸ ಗಮನಿಸಬೇಕು: ಒಂದು ‘ನೋಂದಣಿ’, ಇನ್ನೊಂದು ‘ಅಧಿಕಾರ ಪತ್ರ’. ಕೊಳವೆ ಮಾರ್ಗ ಹಾಕಲು, ನಗರದಲ್ಲಿ ಮನೆಮನೆಗೆ ಅನಿಲ ಹಂಚಲು ಮಂಡಳಿಯ ಅಧಿಕಾರ ಪತ್ರ ಬೇಕು. ಅದಕ್ಕೆ ಸ್ಪರ್ಧೆ ಇದೆ, ಗುರಿ ಇದೆ, ಗುರಿ ತಪ್ಪಿದರೆ ದಂಡ ಇದೆ. ಕೊಳವೆಯ ಸಾಗಣೆ ದರವನ್ನು ಮಂಡಳಿಯೇ ಗೊತ್ತು ಮಾಡುತ್ತದೆ. ಟರ್ಮಿನಲ್ಲಿಗೆ ಮಾತ್ರ ಕಾಯ್ದೆ ಕೇಳುವುದು ನೋಂದಣಿಯನ್ನು. ದ್ರವವನ್ನು ಅನಿಲವಾಗಿಸಿ ಕೊಡುವುದಕ್ಕೆ ಟರ್ಮಿನಲ್ ಎಷ್ಟು ಶುಲ್ಕ ಹಾಕಬೇಕೆಂಬುದನ್ನು ಮಂಡಳಿ ನಿಗದಿ ಮಾಡುವುದಿಲ್ಲ; ಅದು ಮಾರಾಟಗಾರ ಮತ್ತು ಕೊಳ್ಳುವವನ ನಡುವಿನ ಲೆಕ್ಕ. ಅನಿಲ ಆಮದಿಗೆ ಪ್ರತ್ಯೇಕ ಪರವಾನಗಿಯ ತೊಡಕೂ ಇಲ್ಲ. ಟರ್ಮಿನಲ್ ನೋಂದಣಿಯ ವಿವರವಾದ ನಿಯಮಾವಳಿಯನ್ನು ಮಂಡಳಿ ಪ್ರಕಟಿಸಿದ್ದು 2025ರಲ್ಲಿ, ಎಂದರೆ ಕಾಯ್ದೆ ಬಂದ 19 ವರ್ಷಗಳ ನಂತರ. ಅಷ್ಟರಲ್ಲಿ ದೇಶದ ಟರ್ಮಿನಲ್‌ಗಳು ಹೆಚ್ಚುಕಡಿಮೆ ಎಲ್ಲವೂ ಕಟ್ಟಿ ಆಗಿತ್ತು.

ಬಾಗಿಲು ಕಟ್ಟಿದ ಮೇಲೆ ಕಾವಲುಗಾರನನ್ನು ನೇಮಿಸಿದಂತೆ ಇದು ಕಾಣಬಹುದು. ಸರ್ಕಾರದ ವಾದಕ್ಕೂ ಒಂದು ತರ್ಕವಿದೆ. ಟರ್ಮಿನಲ್ ಎಂದರೆ ಸಾವಿರಾರು ಕೋಟಿ ರೂಪಾಯಿ; ನಷ್ಟವಾದರೆ ಹಣ ಹಾಕಿದವನದು; ಸ್ಪರ್ಧೆ ಇದ್ದರೆ ಬೆಲೆ ತಾನಾಗಿ ಇಳಿಯುತ್ತದೆ. ತರ್ಕ ಸರಿಯೇ, ಆದರೆ ಕೊಳವೆಯ ಒಂದು ತುದಿಯಲ್ಲಿ ಕುಳಿತವನಿಗೆ ಸ್ಪರ್ಧೆ ಎಲ್ಲಿಂದ ಬರಬೇಕು? ಬಿಡದಿಗೆ ಬರುವ ಕೊಳವೆ ಒಂದೇ.

ಕೊಚ್ಚಿಯ ಟರ್ಮಿನಲ್ಲಿನದು ಇದರ ಇನ್ನೊಂದು ಮುಖ. ಪೆಟ್ರೋನೆಟ್ ಕಂಪನಿ 2013ರಲ್ಲಿ ಅದನ್ನು ತೆರೆಯಿತು. ಅಲ್ಲಿಂದ ಮಂಗಳೂರಿಗೂ ಬೆಂಗಳೂರಿಗೂ ಕೊಳವೆ ಹೋಗಬೇಕಿತ್ತು. ಟರ್ಮಿನಲ್ ಸಿದ್ಧವಾಯಿತು, ಕೊಳವೆ ಆಗಲಿಲ್ಲ. ಸಾಮರ್ಥ್ಯದ ಹತ್ತರಲ್ಲಿ ಒಂದು ಪಾಲನ್ನೂ ಬಳಸಲಾಗದೆ ಅದು ವರ್ಷಗಳ ಕಾಲ ಖಾಲಿ ಕುಳಿತಿತ್ತು. ಮಂಗಳೂರಿನವರೆಗಿನ 450 ಕಿಲೋಮೀಟರ್ ಕೊಳವೆಗೆ ಚಾಲನೆ ಸಿಕ್ಕಿದ್ದು 2021ರ ಜನವರಿಯಲ್ಲಿ. ತಡವಾದದ್ದು ತಾಂತ್ರಿಕ ಕಾರಣಕ್ಕಲ್ಲ, ಜಮೀನಿನ ಕಾರಣಕ್ಕೆ.

ರಾಗಿ ಸರಿ, ಮಾವು ಬೇಡ

ಜಮೀನಿನ ವಿಷಯಕ್ಕೆ ಬಂದರೆ ಕಥೆ ಮತ್ತೆ ರಾಮನಗರಕ್ಕೆ ಬರುತ್ತದೆ. ಕೊಳವೆ ಹಾಕಲು ಸರ್ಕಾರ ಭೂಮಿಯನ್ನು ಕೊಳ್ಳುವುದಿಲ್ಲ. 1962ರ ಪೆಟ್ರೋಲಿಯಂ ಮತ್ತು ಖನಿಜ ಕೊಳವೆ ಮಾರ್ಗಗಳ ಕಾಯ್ದೆಯ ಪ್ರಕಾರ ಅದು ಪಡೆಯುವುದು ‘ಬಳಕೆಯ ಹಕ್ಕು’ ಮಾತ್ರ. ಪಹಣಿಯಲ್ಲಿ ರೈತನ ಹೆಸರೇ ಇರುತ್ತದೆ, ಕಂದಾಯ ಅವನದೇ, ಉಳುಮೆಯೂ ಅವನದೇ. ಕೊಳವೆ ಒಂದು ಮೀಟರ್ ಅಥವಾ ಅದಕ್ಕೂ ಆಳದಲ್ಲಿ ಮಲಗಿರುತ್ತದೆ.

ಆದರೆ ಅದರ ಮೇಲಿನ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ಕೆರೆ ತೋಡುವಂತಿಲ್ಲ, ಮರ ನೆಡುವಂತಿಲ್ಲ. ರಾಗಿ ಬಿತ್ತಬಹುದು, ಹುರುಳಿ ಚೆಲ್ಲಬಹುದು. ಮಾವು, ತೆಂಗು ಕೂಡದು. ಮಾವಿನ ತೋಟಗಳಿಗೆ ಹೆಸರಾದ ಸೀಮೆಗೆ ಈ ಷರತ್ತಿನ ತೂಕ ಬೇರೆಯೇ. ಪರಿಹಾರ ಎಷ್ಟು? ಬೆಳೆ, ಮರ ಹಾಳಾದದ್ದಕ್ಕೆ ಬೇರೆ. ಬಳಕೆಯ ಹಕ್ಕಿಗೆ ಆ ಪಟ್ಟಿಯ ಮಾರುಕಟ್ಟೆ ಬೆಲೆಯ ಶೇಕಡಾ 10. ಎಕರೆಗೆ 40 ಲಕ್ಷ ರೂಪಾಯಿ ಬಾಳುವ ಹೊಲದಲ್ಲಿ ಹತ್ತು ಗುಂಟೆ ಪಟ್ಟಿ ಹೋಯಿತೆಂದುಕೊಳ್ಳಿ. ಪಟ್ಟಿಯ ಬೆಲೆ ಹತ್ತು ಲಕ್ಷ, ಕೈಗೆ ಬರುವುದು ಒಂದು ಲಕ್ಷ. ರಾಗಿ ಬೆಳೆಯುವವನಿಗೆ ಇದು ನಷ್ಟವಲ್ಲದಿರಬಹುದು. ಬೆಂಗಳೂರು ಬೆಳೆದು ಬೆಳೆದು ಹೊಲದ ಬದುವಿಗೆ ಬಂದು ನಿಂತಿರುವ ಕಡೆ, ಒಂದು ದಿನ ನಿವೇಶನ ಮಾಡಿ ಮಗಳ ಮದುವೆಯನ್ನೋ ಮಗನ ಓದನ್ನೋ ದಾಟಿಸಿಕೊಳ್ಳಬೇಕೆಂದಿದ್ದವನಿಗೆ ಉಳಿದ ಒಂಬತ್ತು ಲಕ್ಷ ನೆಲದಡಿಯೇ ಹೂತುಹೋದಂತೆ.

ಅಧಿಸೂಚನೆ ಹೊರಬಿದ್ದ 21 ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಬೇಕು. ಅದನ್ನು ಕೇಳುವವನು ಸಕ್ಷಮ ಪ್ರಾಧಿಕಾರಿ ಎಂಬ ಅಧಿಕಾರಿ. ಪರಿಹಾರ ಸಾಲದೆಂದರೆ ಜಿಲ್ಲಾ ನ್ಯಾಯಾಧೀಶರ ಮೊರೆ ಹೋಗಬಹುದು. ಆದರೆ ಟರ್ಮಿನಲ್ ಇರುವ ಊರಿನಲ್ಲಿ ಪರಿಸರ ನಿಯಮದಡಿ ನಡೆಯಬೇಕಾದ ಸಾರ್ವಜನಿಕ ಅಹವಾಲು ಸಭೆಯಂಥದ್ದು ಕೊಳವೆಯ ಹಳ್ಳಿಗಳಿಗೆ ಸಾಮಾನ್ಯವಾಗಿ ಇಲ್ಲ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದಂಥ ಸೂಕ್ಷ್ಮ ಪ್ರದೇಶಗಳನ್ನು ಹಾದರೆ ಮಾತ್ರ ಕೊಳವೆ ಆ ಪರಿಸರ ಪರೀಕ್ಷೆಗೆ ಒಳಪಡುತ್ತದೆ. ಮಾವಿನ ತೋಟ ಆ ಪಟ್ಟಿಯಲ್ಲಿಲ್ಲ.

ತಮಿಳುನಾಡಿನಲ್ಲಿ ಇದೇ ಕಾರಣಕ್ಕೆ ದೊಡ್ಡ ಜಗಳವಾಯಿತು. ಕೊಚ್ಚಿಯಿಂದ ಬೆಂಗಳೂರಿಗೆ ಬರುವ ಕೊಳವೆ ಪಶ್ಚಿಮದ ಏಳು ಜಿಲ್ಲೆಗಳ ಹೊಲಗಳನ್ನು ಹಾಯಬೇಕಿತ್ತು. ರೈತರು ಎದ್ದರು, 2013ರಲ್ಲಿ ರಾಜ್ಯ ಸರ್ಕಾರವೇ ಹೊಲ ಬಿಟ್ಟು ಹೆದ್ದಾರಿ ಬದಿಯಲ್ಲಿ ಹೋಗಿ ಎಂದು ಗೇಲ್‌ಗೆ ಹೇಳಿತು. ಪ್ರಕರಣ ಸುಪ್ರೀಂ ಕೋರ್ಟ್ ತಲುಪಿತು. 2016ರ ಫೆಬ್ರುವರಿಯಲ್ಲಿ ಕೋರ್ಟ್ ಗೇಲ್ ಪರವಾಗಿ ತೀರ್ಪಿತ್ತಿತು. ಕೊಳವೆ ಎಲ್ಲಿ ಹೋಗಬೇಕೆಂಬುದು ಕೇಂದ್ರದ ಕಾಯ್ದೆಯ ವಿಷಯ, ರಾಜ್ಯದ ಆದೇಶಕ್ಕೆ ಅಲ್ಲಿ ಜಾಗವಿಲ್ಲ ಎಂಬುದು ಅದರ ತಾತ್ಪರ್ಯ.

ರೈತರ ಭಯ ಬರೀ ಹಣದ್ದಲ್ಲ. 2014ರ ಜೂನ್ 27ರ ನಸುಕಿನಲ್ಲಿ ಆಂಧ್ರದ ಗೋದಾವರಿ ಸೀಮೆಯ ನಗರಂ ಎಂಬ ಹಳ್ಳಿಯಲ್ಲಿ ಗೇಲ್‌ನ ಕೊಳವೆ ಸೋರಿ ಬೆಂಕಿ ಹತ್ತಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಅಡುಗೆ ಅನಿಲ ಸೋರಿದರೆ ಮೂಗಿಗೆ ತಿಳಿಯುತ್ತದೆ, ಏಕೆಂದರೆ ಅದಕ್ಕೆ ವಾಸನೆ ಬೆರೆಸಿರುತ್ತಾರೆ. ದೂರ ಸಾಗಿಸುವ ಕೊಳವೆಗಳಲ್ಲಿ ಸಾಮಾನ್ಯವಾಗಿ ಬೆರೆಸಿರುವುದಿಲ್ಲ. ಊರ ಬಾಗಿಲಿಗೆ ಬಂದ ಮೇಲೆ ಬೆರೆಸುತ್ತಾರೆ. ಹೊಲದಲ್ಲಿ ಸೋರಿದರೆ ಕಾವಲು ಕಾಯುವುದು ಮೂಗಲ್ಲ, ಕೊಳವೆಯುದ್ದಕ್ಕೂ ನಡೆದು ನೋಡುವ ಗಸ್ತಿನವನು ಮತ್ತು ದೂರದ ಕೋಣೆಯಲ್ಲಿ ಒತ್ತಡದ ಅಂಕಿ ನೋಡುತ್ತಾ ಕುಳಿತವನು.

ಈ ಸೀಮೆಗೆ ಇದು ಹೊಸ ಅನುಭವವಲ್ಲ. 1902ರ ಜೂನ್ ಕೊನೆಯಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯತೊಡಗಿದಾಗ, ಸುಮಾರು 147 ಕಿಲೋಮೀಟರಿನ ಆ ತಂತಿ ಇಂದಿನ ಕನಕಪುರದ ಕಡೆಯ ಕಾಡು, ಹೊಲಗಳ ಮೇಲೆಯೇ ಹಾದು ಹೋಗಿತ್ತು. ಆಗ ಆ ಊರು ಕಾನಕಾನಹಳ್ಳಿ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಆ ಯೋಜನೆಯ ವಿದ್ಯುತ್ ಗಣಿಗೆ ತಲುಪಿತು, 1905ರಲ್ಲಿ ಬೆಂಗಳೂರಿನ ಬೀದಿಗೂ ತಲುಪಿತು. ತಂತಿಯ ಕೆಳಗಿನ ಹಳ್ಳಿಗಳಲ್ಲಿ ದೀಪ ಹತ್ತಿದ್ದು ದಶಕಗಳ ನಂತರ. ಆಗ ತಲೆಯ ಮೇಲೆ ಹೋದದ್ದು ಈಗ ಕಾಲಡಿ ಹೋಗುತ್ತಿದೆ.

ಒಂದೇ ಕಿಟಕಿಯ ದೇಶ

ಮೇಜುಗಳು ಹಲವು ಇರುವುದೇ ತೊಂದರೆ, ಒಂದೇ ಕಿಟಕಿ ಇದ್ದರೆ ಸರಿ ಹೋಗುತ್ತದೆ ಎನ್ನುವವರಿದ್ದಾರೆ. ಅಮೆರಿಕ ಆ ಪ್ರಯೋಗ ಮಾಡಿದೆ. ಕ್ಯಾಲಿಫೋರ್ನಿಯದ ಲಾಂಗ್ ಬೀಚ್ ಬಂದರಿನಲ್ಲಿ ಟರ್ಮಿನಲ್ ಪ್ರಸ್ತಾವ ಬಂದಾಗ ಅನುಮತಿ ಕೊಡುವ ಹಕ್ಕು ಯಾರದೆಂದು ರಾಜ್ಯದ ಆಯೋಗಕ್ಕೂ ಫೆಡರಲ್ ಇಂಧನ ನಿಯಂತ್ರಣ ಆಯೋಗಕ್ಕೂ ಜಟಾಪಟಿಯಾಯಿತು. 2005ರ ಇಂಧನ ಕಾಯ್ದೆ ಆ ಜಗಳವನ್ನು ಬಗೆಹರಿಸಿತು. ನೆಲದ ಮೇಲಿನ ಟರ್ಮಿನಲ್‌ಗಳ ಸ್ಥಳ ನಿರ್ಧಾರ ಫೆಡರಲ್ ಆಯೋಗದ್ದೇ ಎಂದಿತು. ಕರಾವಳಿ, ನೀರು, ಗಾಳಿಯ ಕಾಯ್ದೆಗಳ ಅಡಿ ರಾಜ್ಯಗಳಿಗಿದ್ದ ಹಕ್ಕು ಉಳಿಯಿತು. ದೂರ ಕಡಲಿನಲ್ಲಿ ಕಟ್ಟುವ ಟರ್ಮಿನಲ್‌ಗಳಿಗೆ ಬೇರೆ ಕಾನೂನು. ಅಲ್ಲಿ ಪಕ್ಕದ ರಾಜ್ಯದ ಗವರ್ನರ್ ಬೇಡವೆಂದರೆ ಮುಗಿಯಿತು. 2007ರಲ್ಲಿ ಕ್ಯಾಲಿಫೋರ್ನಿಯದ ಗವರ್ನರ್ ಆಗಿದ್ದ ನಟ ಅರ್ನಾಲ್ಡ್ ಶ್ವಾರ್ಜ್‌ನೆಗರ್ ಅಂಥದೊಂದನ್ನು ಬೇಡವೆಂದರು. ಲಾಂಗ್ ಬೀಚ್ ಯೋಜನೆ ಅದೇ ವರ್ಷ ಬಂದರಿನವರೇ ಕೈಬಿಟ್ಟದ್ದರಿಂದ ನಿಂತಿತು.

ಆದರೆ ಒಂದೇ ಕಿಟಕಿಯ ಆಯೋಗವೂ ‘ಇಷ್ಟು ಟರ್ಮಿನಲ್ ಬೇಕೆ’ ಎಂದು ಬಿಗಿಯಾಗಿ ಕೇಳಲಿಲ್ಲ. ಅದನ್ನು ಮಾರುಕಟ್ಟೆಗೆ ಬಿಟ್ಟಿತು. ಆಮದು ಟರ್ಮಿನಲ್‌ಗಳು ಸಾಲುಗಟ್ಟಿ ಅನುಮತಿ ಪಡೆದವು. ಅಷ್ಟರಲ್ಲಿ ಅಮೆರಿಕದ ಶೇಲ್ ಶಿಲೆಯಿಂದಲೇ ಅನಿಲ ಉಕ್ಕಿತು. ಲೂಸಿಯಾನದ ಸಬೀನ್ ಪಾಸ್‌ನಲ್ಲಿ 2008ರಲ್ಲಿ ಆಮದಿಗೆಂದು ತೆರೆದ ಟರ್ಮಿನಲ್ 2016ರಲ್ಲಿ ರಫ್ತು ಶುರು ಮಾಡಿತು. ಅಲ್ಲಿ ತಪ್ಪಿದ ಲೆಕ್ಕದ ಹೊರೆ ಹೂಡಿಕೆದಾರನ ಮೇಲೆ ಬಿತ್ತು, ಸರ್ಕಾರದ ಖಾತರಿಯ ಮೇಲಲ್ಲ. ದಾಭೋಲ್‌ಗೂ ಅದಕ್ಕೂ ಇರುವ ವ್ಯತ್ಯಾಸ ಇಷ್ಟೇ, ಆದರೆ ಸಣ್ಣದಲ್ಲ. ಜರ್ಮನಿಯಾದರೋ ಉಕ್ರೇನ್ ಯುದ್ಧದ ಬಿಸಿಗೆ 2022ರ ಮೇ ತಿಂಗಳಲ್ಲಿ ವಿಶೇಷ ಕಾಯ್ದೆ ಮಾಡಿ, ಪರೀಕ್ಷೆಗಳನ್ನು ಮೊಟಕುಗೊಳಿಸಿ, ಡಿಸೆಂಬರಿಗೆಲ್ಲ ವಿಲ್ಹೆಲ್ಮ್ಸ್‌ಹಾಫೆನ್‌ನಲ್ಲಿ ತೇಲುವ ಟರ್ಮಿನಲ್ ತೆರೆಯಿತು. ಯುರೋಪಿನ ದೇಶಗಳು ಕೊಂಡ ಭರಾಟೆಗೆ ಅನಿಲದ ಬೆಲೆ ಏರಿ, ಬಡ ದೇಶಗಳು ಕೊಳ್ಳಲಾರದೆ ಹಿಂದೆ ಸರಿದವು.

ಗೂಡು ಬೇಯಿಸುವ ಒಲೆ

ಬಿಡದಿ ಸ್ಥಾವರ ಏಳದಿರಲು ಈ ಬೆಲೆಯ ಓಲಾಟವೇ ಮುಖ್ಯ ಕಾರಣ. 2010ರ ಹೊತ್ತಿಗೆ ಕೃಷ್ಣಾ–ಗೋದಾವರಿ ಕೊಳ್ಳದ ಅನಿಲ ದೇಶಕ್ಕೆಲ್ಲ ಸಾಕೆಂಬ ಭರವಸೆ ಇತ್ತು. ಅದು ಎರಡು ಮೂರು ವರ್ಷಗಳಲ್ಲಿ ಬತ್ತತೊಡಗಿತು. ದೇಶೀಯ ಅನಿಲ ನಂಬಿ ಹೊಸ ಸ್ಥಾವರ ಯೋಜಿಸಬೇಡಿ ಎಂದು 2012ರಲ್ಲಿ ಕೇಂದ್ರ ವಿದ್ಯುತ್ ಸಚಿವಾಲಯವೇ ಸೂಚಿಸಿತು. 2015ರಲ್ಲಿ ಅನಿಲವಿಲ್ಲದೆ ನಿಂತ ಸ್ಥಾವರಗಳ ಸಾಮರ್ಥ್ಯ 14,305 ಮೆಗಾವಾಟ್ ಎಂದು ಸರ್ಕಾರ ಲೆಕ್ಕ ಕೊಟ್ಟು, ಆಮದು ಅನಿಲಕ್ಕೆ ನೆರವಿನ ಯೋಜನೆ ತಂದಿತು. ಬಿಡದಿಯಲ್ಲಿ ಕಟ್ಟಿದ್ದರೆ ಆ ಪಟ್ಟಿಗೆ ಇನ್ನೊಂದು ಸಾಲು ಸೇರುತ್ತಿತ್ತು. ಕಟ್ಟದೆ ಬಿಟ್ಟದ್ದು ಲಾಭವೇ ಎನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ.

ಕೊಳವೆಗೆ ಈಗ ಬೇರೆ ಕೆಲಸ ಸಿಕ್ಕಿದೆ. ಮಂಡಳಿಯ ಒಂಬತ್ತನೇ ಸುತ್ತಿನ ಹರಾಜಿನಲ್ಲಿ, 2018ರಲ್ಲಿ, ರಾಮನಗರ ಜಿಲ್ಲೆಯ ನಗರ ಅನಿಲ ವಿತರಣೆ ಮಹಾರಾಷ್ಟ್ರ ನ್ಯಾಚುರಲ್ ಗ್ಯಾಸ್ ಲಿಮಿಟೆಡ್ ಕಂಪನಿಯ ಪಾಲಾಯಿತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಲ್ಲ ಅದರ ವ್ಯಾಪ್ತಿಗೆ ಸೇರಿದವು. 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದು ಬದಲಾಯಿತು. 2018ರ ಅನಿಲದ ಕಾಗದದಲ್ಲಿ ಅದು ರಾಮನಗರವೇ. ಮನೆಯ ಒಲೆಗೂ ವಾಹನಗಳಿಗೂ ದೇಶೀಯ ಅನಿಲದಲ್ಲಿ ಆದ್ಯತೆ ಇದೆ. ಕಾರ್ಖಾನೆ, ಹೋಟೆಲುಗಳು ಬಹುಮಟ್ಟಿಗೆ ಆಮದು ಬೆಲೆಯನ್ನೇ ಕೊಡಬೇಕು. ದೇಶ ಬಳಸುವ ಅನಿಲದಲ್ಲಿ ಸುಮಾರು ಅರ್ಧ ಹಡಗಿನಲ್ಲೇ ಬರುತ್ತಿದೆ. ಕೊಳವೆಗೆ ಯಾವುದು ಸ್ವದೇಶಿ, ಯಾವುದು ಕತಾರಿನದು ಎಂದು ಗೊತ್ತಾಗುವುದಿಲ್ಲ. ಅದು ಗೊತ್ತಾಗುವುದು ಬಿಲ್ಲಿನಲ್ಲಿ.

ಆ ಬಿಲ್ಲು ಯಾರನ್ನು ಕಾಡಬಹುದೆಂದು ತಿಳಿಯಲು ರಾಮನಗರದ ರೇಷ್ಮೆ ಕೇರಿಗಳಿಗೆ ಹೋಗಬೇಕು. ಏಷ್ಯದಲ್ಲೇ ದೊಡ್ಡದೆನ್ನಿಸಿಕೊಂಡ ಗೂಡಿನ ಮಾರುಕಟ್ಟೆ ಇಲ್ಲಿದೆ. ಹರಾಜಿನಲ್ಲಿ ಗೂಡು ಕೊಂಡ ರೀಲರುಗಳು ಅದನ್ನು ಬಿಸಿ ನೀರಿನಲ್ಲಿ ಬೇಯಿಸಿ ಎಳೆ ಬಿಚ್ಚುತ್ತಾರೆ. ಬೇಯಿಸಲು ಬೆಂಕಿ ಬೇಕು. ಹಿಂದಿನಿಂದ ಬಂದದ್ದು ಸೌದೆ. ಕಣ್ಣು ಉರಿಸುವ ಹೊಗೆಯಲ್ಲಿ ದಿನವಿಡೀ ನಿಲ್ಲುವ ಕೂಲಿ ಹೆಂಗಸಿಗೆ ಅನಿಲದ ಒಲೆ ವರವೇ ಸರಿ. ಆದರೆ ಗೂಡಿನ ದರ ಬೆಳಗಿನ ಹರಾಜಿಗೊಂದು, ನೂಲಿನ ದರ ಸಂಜೆಗೊಂದು ಎಂಬಂತಿರುವ ಕಸುಬಿಗೆ ಉರುವಲಿನ ದರವೂ ಏರಿಳಿದರೆ ತಡೆದುಕೊಳ್ಳುವ ಶಕ್ತಿ ಇಲ್ಲ. 2020ರ ಮಧ್ಯದಲ್ಲಿ ಏಷ್ಯದ ಬಿಡಿ ಮಾರುಕಟ್ಟೆಯಲ್ಲಿ ಒಂದು ಅಳತೆಗೆ ಎರಡು ಡಾಲರಿಗೆ ಇಳಿದಿದ್ದ ಎಲ್‌ಎನ್‌ಜಿ, 2022ರಲ್ಲಿ ಕೆಲವು ದಿನ ಐವತ್ತು ಡಾಲರನ್ನೂ ದಾಟಿತ್ತು. ಅದೇ ವರ್ಷ ರಷ್ಯದ ಗಾಜ್‌ಪ್ರೋಮ್ ಗುಂಪಿನ ಹಿಂದಿನ ಅಂಗಸಂಸ್ಥೆಯೊಂದು ಗೇಲ್‌ಗೆ ಒಪ್ಪಿದ್ದ ಹಡಗುಗಳನ್ನು ಕಳಿಸಲಿಲ್ಲ. ಇಪ್ಪತ್ತು ವರ್ಷದ ಒಪ್ಪಂದ ಇತ್ತು, ಅನಿಲ ಇರಲಿಲ್ಲ.

ಸಾಗಣೆಯ ಖರ್ಚಿನಲ್ಲಿ ಮಾತ್ರ ಒಂದು ಅನುಕೂಲವಾಗಿದೆ. ಟರ್ಮಿನಲ್ಲಿನಿಂದ ದೂರವಾದಷ್ಟೂ, ಕೊಳವೆ ಬದಲಾದಷ್ಟೂ ದರ ಕೂಡುತ್ತಾ ಹೋಗುವ ಪದ್ಧತಿ ಇತ್ತು. 2023ರ ಏಪ್ರಿಲ್ 1ರಿಂದ ಮಂಡಳಿ ದೇಶದ ಜಾಲಕ್ಕೆಲ್ಲ ಏಕೀಕೃತ ದರ ತಂದಿತು. ಕಡಲಿನಿಂದ ದೂರವಿರುವವರ ಹೊರೆ ಅಷ್ಟರ ಮಟ್ಟಿಗೆ ಇಳಿಯಿತು. ಟರ್ಮಿನಲ್ಲಿನ ಶುಲ್ಕ ಈ ಲೆಕ್ಕದ ಹೊರಗೇ ಇದೆ. 2025ರ ನಿಯಮಾವಳಿ ಬಂದ ಮೇಲೂ ಅದನ್ನು ನಿಗದಿ ಮಾಡುವ ಅಧಿಕಾರ ಮಂಡಳಿಗೆ ಬಂದಿಲ್ಲ. ಅದಕ್ಕೆ ಸಂಸತ್ತು ಕಾಯ್ದೆಯನ್ನೇ ತಿದ್ದಬೇಕು.

ಕೊಳವೆ ಹಾದ ಹೊಲಗಳಲ್ಲಿ ಗುರುತಿನ ಕಂಬಗಳು ನಿಂತಿವೆ. ಇಲ್ಲಿ ಅಗೆಯಬೇಡಿ ಎಂಬ ಎಚ್ಚರಿಕೆ, ಅವಘಡವಾದರೆ ಕರೆಯಬೇಕಾದ ದೂರವಾಣಿ ಸಂಖ್ಯೆ ಅವುಗಳ ಮೇಲಿವೆ. ಮಳೆ ಹಿಡಿದಾಗ ಉಳುವವರು ಕಂಬದ ಬುಡವನ್ನು ಬಳಸಿಕೊಂಡು ಸಾಲು ಹೊಡೆಯುತ್ತಾರೆ.